ಹನ್ನೊಂದನೆಯವಳು

ಹೋದ ವರ್ಷ ಬಂಗಾರಪೇಟೆಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ದೈಹಿಕ ಶಿಕ್ಷಕರಿಗೆ ಒಂದು ದಿನದ ತರಬೇತಿ ಏರ್ಪಾಟಾಗಿತ್ತು. ನಿವೃತ್ತರಲ್ಲಿ ಹಿರಿಯ ಎಂದು ನನ್ನನ್ನು ಕರೆಸಿ, ಶಾಲು ಹೊದಿಸಿ, ನಾಲ್ಕು ಮಾತಾಡಿ ಎಂದರು. ಮಾತಾಡಿದೆ. ಆಟದಿಂದ ಶಿಸ್ತು ಬರುತ್ತದೆ, ಸೋಲು ಗೆಲುವುಗಳನ್ನು ಒಂದೇ ಸಮ ನೋಡಬೇಕು, ಮೈದಾನವೇ ನಮ್ಮ ದೇವಸ್ಥಾನ. ಮೂವತ್ತು ವರ್ಷ ಕ್ರೀಡಾಕೂಟಗಳ ಉದ್ಘಾಟನೆಯಲ್ಲಿ ಕೇಳಿಸಿಕೊಂಡದ್ದನ್ನೇ ತಿರುಗಿ ಹೇಳಿದೆ. ಹುಡುಗರು ಚಪ್ಪಾಳೆ ತಟ್ಟಿದರು.

ಸೆಲ್ವರಾಜ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಜೊತೆಗಿರಲಿ ಎಂದು ನಾನೇ ಕರೆದುಕೊಂಡು ಹೋಗಿದ್ದೆ. ಮುಗಿದ ಮೇಲೆ ಎದುರಿನ ಟೀ ಅಂಗಡಿಗೆ ಹೋದೆವು. ಅಷ್ಟು ದೂರ ನಡೆಯಲು ಅವನು ಎರಡು ಸಲ ನಿಂತ. ಬೆಂಚಿನ ಮೇಲೆ ಕೂತು, ಉಸಿರು ಹತೋಟಿಗೆ ಬಂದ ಮೇಲೆ ಕೇಳಿದ:

“ಅಷ್ಟೊತ್ತು ಮಾತಾಡ್ದಲ್ಲ ಪಾ, ಒಂದಾದ್ರೂ ನಿಜ ಹೇಳ್ದ್ಯಾ?”

ಆ ಹುಡುಗ ಹುಡುಗಿಯರು ಈಗ ಯಾವ್ಯಾವುದೋ ಶಾಲೆಗಳ ಅಂಗಳದಲ್ಲಿ ಕೊರಳಿಗೆ ವಿಸಿಲ್ ಹಾಕಿಕೊಂಡು ನಿಂತಿರುತ್ತಾರೆ. ಅವತ್ತು ಅವರಿಗೆ ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ.

ಸೆಲ್ವರಾಜ್ ನನ್ನ ಗೆಳೆಯನೆಂದು ಯಾರಾದರೂ ಅಂದರೆ ಅವನು ಒಪ್ಪುವುದಿಲ್ಲ. “ಗೆಳೆಯ ಅಲ್ಲ, ಎದುರು ಟೀಮು” ಅನ್ನುತ್ತಾನೆ. ಅವನು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನವನು. ಅಪ್ಪ, ತಾತ ಇಬ್ಬರೂ ಚಿನ್ನದ ಗಣಿಯೊಳಗೆ ಇಳಿದವರು. ನಾನು ಕಾಮಸಮುದ್ರದ ಕಡೆಯವನು. ನಮ್ಮದು ರಾಗಿ ಹೊಲ, ಎರಡು ಹಸು. ಓದಲು ಬಂಗಾರಪೇಟೆಗೆ ಬಂದು ಅಲ್ಲಿನ ಫುಟ್‌ಬಾಲ್ ತಂಡ ಸೇರಿದೆ. ಎಡಗಡೆಯಿಂದ ನುಗ್ಗುವುದು ನನ್ನ ಕೆಲಸ. ಚಾಂಪಿಯನ್ ರೀಫ್ಸ್ ತಂಡದಲ್ಲಿ ಆ ಕಡೆ ಅಡ್ಡ ನಿಲ್ಲುತ್ತಿದ್ದವನು ಅವನು. ನಾಲ್ಕು ವರ್ಷ ನಾವಿಬ್ಬರೂ ಒಬ್ಬರ ಕಾಲನ್ನು ಒಬ್ಬರು ನೋಡಿಕೊಂಡೇ ಬೆಳೆದೆವು; ಮುಖ ನೋಡಿದ್ದು ಕಡಿಮೆ.

ಅವರ ಮೈದಾನದಲ್ಲಿ ಹುಲ್ಲು ಎಂಬುದಿರಲಿಲ್ಲ. ಗಣಿ ಮಣ್ಣಿನ ಬೂದು ಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಬಾಯಿ ತುಂಬ ಪುಡಿ. ಪಾಳಿ ಮುಗಿಸಿ ಬಂದವರು ಮನೆಗೂ ಹೋಗದೆ ಗೆರೆಯ ಪಕ್ಕ ನಿಂತು ತಮಿಳಿನಲ್ಲಿ ಕೂಗುತ್ತಿದ್ದರು. ಆ ಹುಡುಗರು ಚೆಂಡನ್ನು ನೆಲ ಬಿಟ್ಟು ಏಳಲು ಬಿಡುತ್ತಿರಲಿಲ್ಲ. ನಾವು ಬಂಗಾರಪೇಟೆಯವರು ಎತ್ತಿ ಹೊಡೆದು ಹಿಂದೆ ಓಡುತ್ತಿದ್ದೆವು. ಒಂದು ಪಂದ್ಯದ ಕೊನೆಯಲ್ಲಿ ನಾನು ಬಿದ್ದೆ, ಪೆನಾಲ್ಟಿ ಸಿಕ್ಕಿತು, ನಾವು ಗೆದ್ದೆವು. ಆ ಜಗಳ ಇವತ್ತಿಗೂ ಮುಗಿದಿಲ್ಲ.

“ನಾನ್ ಮುಟ್ಟೇ ಇಲ್ಲ. ಗಾಳಿಗೆ ಬಿದ್ದೆ ನೀನು” ಅನ್ನುತ್ತಾನೆ.

“ಗಾಳಿಗೆ ಬಿದ್ರೆ ಮೂರು ಹೊಲಿಗೆ ಬೀಳ್ತಾವೇನ್ಲಾ?”

“ಅದು ಬಿದ್ಮೇಲೆ ಕಲ್ಲು ತಾಗಿದ್ದು. ನಮ್ ಗ್ರೌಂಡ್ ಕಲ್ಲಿಗೂ ನಿನ್ ಮೇಲೆ ಕೋಪ ಇತ್ತು ಪಾ.”

ಮುಂದಿನ ವರ್ಷ ಅವನು ಗಣಿಗೆ ಇಳಿದ. ನಾನು ದೈಹಿಕ ಶಿಕ್ಷಣದ ತರಬೇತಿಗೆ ಹೋದೆ. ಆಟವೇ ಕೆಲಸವಾಗುತ್ತದೆ, ಅದಕ್ಕಿಂತ ಇನ್ನೇನು ಬೇಕು ಎಂದುಕೊಂಡಿದ್ದೆ.

ಕೆಲಸಕ್ಕೆ ಸೇರಿದ ದಿನ ಹೆಡ್ ಮೇಷ್ಟ್ರು ನನ್ನ ಕೈಗೆ ಒಂದು ಬೆತ್ತ ಕೊಟ್ಟರು. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಗಲಾಟೆ ಮಾಡಿದವರನ್ನು ಹಿಡಿದು ತರುವುದು ನನ್ನ ಕೆಲಸವೆಂದರು. ನಾನು ಚೆಂಡು ಕೇಳಿದೆ.

“ಬಾಲು ಐತೆ ಮೇಷ್ಟ್ರೇ, ಬೀರುವಿನಾಗೈತೆ. ಆಡಿದ್ರೆ ಆಳಾಗ್ತೈತೆ. ಇನ್‌ಸ್ಪೆಕ್ಷನ್‌ಗೆ ಬಂದೋರು ಕೇಳಿದ್ರೆ ಏನ್ ತೋರ್ಸಾನ?”

ಅವರು ಕೆಟ್ಟ ಮನುಷ್ಯರಲ್ಲ. ಗಣಿತವನ್ನು ಅವರ ಹಾಗೆ ಹೇಳಿಕೊಡುವವರನ್ನು ನಾನು ಮತ್ತೆ ನೋಡಲಿಲ್ಲ. ಆದರೆ ನಾಲ್ಕು ವರ್ಷ ಆ ಬೀರು ತೆಗೆಯಲಿಲ್ಲ. ನಾನು ಹಳೇ ಬಟ್ಟೆ ಸುತ್ತಿದ ಉಂಡೆಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸಿದೆ. ಅವರು ನಿವೃತ್ತರಾದ ವಾರ ಬೀರು ತೆಗೆಸಿದರೆ, ಚೆಂಡಿನ ಚರ್ಮ ಪ್ಲಾಸ್ಟಿಕ್ ಚೀಲಕ್ಕೆ ಅಂಟಿಕೊಂಡು ಹಪ್ಪಳದ ಹಾಗೆ ಮುರಿಯಿತು. ಒಂದು ಸಲವೂ ಯಾರ ಕಾಲೂ ತಾಗದ ಚೆಂಡು. ಅವರದೇ ತಪ್ಪೆಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಬೀಗ ತೆಗೆಯಿರಿ ಎಂದು ಗಟ್ಟಿಯಾಗಿ ಒಂದು ದಿನವಾದರೂ ಕೇಳಿದ್ದೆನಾ? ಇಲ್ಲ.

ಮೊದಲ ವರ್ಷದ ಕ್ರೀಡಾಕೂಟದಲ್ಲೇ ಒಂದು ಎಡವಟ್ಟು ಮಾಡಿದೆ. ಓಟದ ಪಂದ್ಯದ ನಡುವೆ ಒಬ್ಬಳು ಹುಡುಗಿ ಕೂತುಬಿಟ್ಟಳು. ನಾಟಕ ಎಂದು ಬೈದು ಎಬ್ಬಿಸಿ ಓಡಿಸಿದೆ. ಇಪ್ಪತ್ತು ಹೆಜ್ಜೆ ಓಡಿ ಬಿದ್ದಳು. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲವಂತೆ. ಅವತ್ತಿನಿಂದ ಯಾವ ಮಗುವನ್ನು ಓಡಿಸುವ ಮುಂಚೆಯೂ “ಏನ್ ತಿಂದೆ?” ಎಂದು ಕೇಳುವುದನ್ನು ಕಲಿತೆ. ನೀವೂ ಕೇಳಿ.

ಉಳಿದಂತೆ ವರ್ಷದ ಹೆಚ್ಚು ದಿನ ನಾನು ಆಟದ ಮೇಷ್ಟ್ರಾಗಿರಲಿಲ್ಲ. ಮತದಾರರ ಪಟ್ಟಿ, ಜನಗಣತಿ, ಮೊಟ್ಟೆ ಹಂಚುವುದು, ರಜೆ ಹಾಕಿದವರ ಪೀರಿಯಡ್ ತುಂಬುವುದು. ದೀಪಾವಳಿ ಕಳೆದರೆ ಹತ್ತನೇ ತರಗತಿಯ ಆಟದ ಪೀರಿಯಡ್ಡನ್ನು ಇಂಗ್ಲಿಷಿಗೆ ಕೊಡಬೇಕು. ಕೊನೆಕೊನೆಗೆ ಕೈಗೆ ಮೊಬೈಲ್ ಬಂತು. ಆಟ ಆಡಿಸಿದ ಫೋಟೋ ಕಳಿಸಬೇಕೆಂದು ಆಜ್ಞೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬನ ಕಾಲಡಿ ಚೆಂಡಿಟ್ಟು, ಫೋಟೋ ತೆಗೆದು ಒಳಗೆ ಕಳಿಸುತ್ತಿದ್ದೆ. ಮೇಲಿನವರಿಂದ ಶಹಬ್ಬಾಸ್ ಬರುತ್ತಿತ್ತು. ಹಿಂದೆ ಆಡಿಸಿದ ದಿನಗಳಲ್ಲಿ ಯಾರೂ ಹಾಗೆ ಅಂದಿರಲಿಲ್ಲ.

ನಡುವೆ ಎರಡು ವರ್ಷ ಮಾತ್ರ ನಾನು ನಿಜವಾಗಿ ಆಟದ ಮೇಷ್ಟ್ರಾಗಿದ್ದೆ. ಅದು ಮಂಜುಳಳಿಂದ.

ಆಗ ಕಾಮಸಮುದ್ರದ ಆಚೆಯ ಒಂದು ಪ್ರೌಢಶಾಲೆಗೆ ವರ್ಗವಾಗಿತ್ತು. ಮಂಜುಳ ಏಳನೇ ತರಗತಿ ಮುಗಿಸಿ ಬಂದವಳು. ತಾಯಿ ಯಲ್ಲಮ್ಮ ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಗಂಡು ಮಕ್ಕಳು ಒದ್ದ ಚೆಂಡು ಬೇಲಿಯ ಕಡೆ ಬಂತು. ಹೆಗಲ ಮೇಲೆ ನೀರಿನ ಬಿಂದಿಗೆ ಇಟ್ಟುಕೊಂಡು ಬರುತ್ತಿದ್ದ ಈ ಹುಡುಗಿ ಬಿಂದಿಗೆ ಇಳಿಸಲಿಲ್ಲ, ನಿಲ್ಲಲೂ ಇಲ್ಲ; ಪಾದದ ಒಳಬದಿಯಿಂದ ತಳ್ಳಿದಳು. ಚೆಂಡು ನೆಲಕ್ಕೆ ಅಂಟಿಕೊಂಡ ಹಾಗೆ ಹೋಗಿ, ಕೇಳಿದ ಹುಡುಗನ ಕಾಲ ಬಳಿಯೇ ನಿಂತಿತು. ನನಗೆ ಚಾಂಪಿಯನ್ ರೀಫ್ಸ್ ಮೈದಾನ ಕಣ್ಣಿಗೆ ಬಂತು.

ಅದನ್ನು ಕಲಿಸುವ ವಿದ್ಯೆ ನನ್ನಲ್ಲಿರಲಿಲ್ಲ. ನನಗೆ ಗೊತ್ತಿದ್ದದ್ದು ಎತ್ತಿ ಹೊಡೆಯುವುದು. ಸೆಲ್ವರಾಜನನ್ನು ಹುಡುಕಿಕೊಂಡು ಹೋದೆ. ಗಣಿ ಮುಚ್ಚಿತ್ತು. ಅವನು ದಿನಾ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಯಾವುದೋ ಕಟ್ಟಡದ ಗೇಟಿನಲ್ಲಿ ಕಾವಲು ನಿಲ್ಲುತ್ತಿದ್ದ.

“ಹುಡುಗೀರ್ ಟೀಮಾ? ನೀನ್ ಕಲಿಸಿದ್ರೆ ಎಲ್ರೂ ಬೀಳೋದ್ ಕಲೀತಾರೆ ಅಷ್ಟೆ” ಅಂದ. ಆದರೆ ಮುಂದಿನ ವಾರದ ರಜೆಯ ದಿನ ಎರಡು ಬಸ್ಸು ಬದಲಿಸಿ ಬಂದ. ಆಮೇಲೆ ಪ್ರತಿ ವಾರ ಬಂದ.

ಅವನು ತಮಿಳಿನಲ್ಲಿ ಹೇಳುತ್ತಿದ್ದ, ಹುಡುಗಿಯರು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು, ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಅವನು ಗೋಲು ಹೊಡೆಯುವುದನ್ನು ಆರು ತಿಂಗಳು ಕಲಿಸಲೇ ಇಲ್ಲ. ಚೆಂಡು ಬರುವ ಮುಂಚೆ ತಲೆ ಎತ್ತಿ ನೋಡು, ಕೊಟ್ಟು ಓಡು, ನಿಂತು ನೋಡಬೇಡ. “ಬಾಲ್ ಬಂದ್ಮೇಲೆ ಯೋಚನೆ ಮಾಡೋನು ಆಟಗಾರ ಅಲ್ಲ, ಪ್ರೇಕ್ಷಕ” ಎಂದು ನನ್ನ ಕಡೆ ನೋಡಿಯೇ ಹೇಳುತ್ತಿದ್ದ. ಮಂಜುಳ ಅವನು ಬಾಯಿ ತೆರೆಯುವ ಮುಂಚೆಯೇ ತಿಳಿದುಕೊಳ್ಳುತ್ತಿದ್ದಳು. ಅವನನ್ನು ಸೆಲ್ವ ಮಾಮ ಅನ್ನುತ್ತಿದ್ದಳು.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ತಂಡ ಕೋಲಾರದಲ್ಲಿ ಜಿಲ್ಲಾ ಮಟ್ಟದ ಫೈನಲ್ ತಲುಪಿತು. ಬೆಳಿಗ್ಗೆ ಸೆಮಿಫೈನಲ್, ಮಧ್ಯಾಹ್ನ ಫೈನಲ್. ಬೆಳಗಿನ ಆಟದಲ್ಲಿ ಮಂಜುಳಳ ಬಲ ಮಂಡಿ ತಿರುಚಿತು. ಊಟದ ಹೊತ್ತಿಗೆ ಊದಿಕೊಂಡು, ಮಂಡಿಚಿಪ್ಪು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಸೆಲ್ವರಾಜ್ ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದ.

“ಇವಳು ಬೇಡ. ಬದಲಿಗಿರೋ ರೋಜಾನ ಇಳಿಸು.”

“ರೋಜಾ ಇನ್ನಾ ಎಂಟನೇ ಕ್ಲಾಸು ಕಣ್ಲಾ. ಅವ್ರ ಟೀಮ್ ಹುಡ್ಗೀರ್ನ ನೋಡಿದ್ರೇ ಅಳ್ತಾಳೆ.”

“ಅಳ್ಲಿ ಪಾ. ಅತ್ರೆ ಕಾಲು ಹೋಗಲ್ಲ.”

ಅಷ್ಟು ಹೇಳಿ ಅವನು ಗೇಟಿನ ಹೊರಗಿನ ಜ್ಯೂಸ್ ಅಂಗಡಿಯಿಂದ ಐಸ್ ತರಲು ಹೋದ.

ಶಾಮಿಯಾನದ ಕೆಳಗೆ ಅಧಿಕಾರಿಗಳು ಬಂದು ಕೂತಿದ್ದರು. ಅವರಲ್ಲೊಬ್ಬರು ಹಿಂದಿನ ತಿಂಗಳ ಸಭೆಯಲ್ಲಿ ಎಲ್ಲರೆದುರು, “ಪಿ.ಟಿ. ಮೇಷ್ಟ್ರುಗಳಿಗೆ ಸಂಬಳ ಕೊಡೋದು ವಿಸಿಲ್ ಊದೋಕಾ?” ಎಂದು ನಕ್ಕಿದ್ದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನದೆಂದು ತೋರಿಸಲು ಒಂದು ಕಪ್ಪೂ ಇರಲಿಲ್ಲ. ನಾನು ಮಂಜುಳಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ.

“ರೋಜಾಗೆ ಜರ ಬಂದೈತಮ್ಮ. ನೀನ್ ಇಳೀದಿದ್ರೆ ಅನ್ನೊಂದು ಜನ ಆಗಾಕಿಲ್ಲ. ಅನ್ನೊಂದು ಜನ ಇಲ್ದಿದ್ರೆ ಟೀಮ್‌ನ ಆಡಾಕೇ ಬಿಡಾಕಿಲ್ಲ, ವಾಪಸ್ ಕಳಿಸ್ಬಿಡ್ತಾರೆ.”

ರೋಜಾಗೆ ಜ್ವರ ಇರಲಿಲ್ಲ. ಬ್ಯಾಗುಗಳನ್ನು ಕಾಯಲು ಅವಳನ್ನು ನಾನೇ ಕೋಣೆಯಲ್ಲಿ ಕೂರಿಸಿ ಬಂದಿದ್ದೆ. ಇನ್ನು ಫುಟ್‌ಬಾಲಿನಲ್ಲಿ ಏಳು ಜನ ಇದ್ದರೂ ಪಂದ್ಯ ನಡೆಯುತ್ತದೆ. ಅದು ನನಗೆ ಗೊತ್ತಿತ್ತು. ಆ ಮಗುವಿಗೆ ಗೊತ್ತಿರಲಿಲ್ಲ.

ಬೂಟು ಕಟ್ಟಿಕೊಳ್ಳುತ್ತಿದ್ದ ಉಳಿದ ಹುಡುಗಿಯರ ಕಡೆ ಅವಳು ಒಂದು ಗಳಿಗೆ ನೋಡಿದಳು. ಆಮೇಲೆ, “ಆಡ್ತೀನಿ ಸಾ” ಅಂದಳು. ನಾನೇ ಬ್ಯಾಂಡೇಜು ಸುತ್ತಿದೆ.

ಸೆಲ್ವರಾಜ್ ಐಸ್ ಹಿಡಿದು ಬರುವ ಹೊತ್ತಿಗೆ ಆಟ ಶುರುವಾಗಿತ್ತು. ಅವನು ನನ್ನ ಪಕ್ಕಕ್ಕೆ ಬರಲಿಲ್ಲ. ಆ ಕಡೆಯ ಗೆರೆಯ ಹತ್ತಿರ ನಿಂತ. ಕೈಯಲ್ಲಿದ್ದ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡನೇ ಅರ್ಧದಲ್ಲಿ ಮಂಜುಳ ಚೆಂಡು ತಗೊಂಡು ತಿರುಗಿದಳು. ಅವಳ ಹತ್ತಿರ ಯಾರೂ ಇರಲಿಲ್ಲ. ದೇಹ ತಿರುಗಿತು, ಪಾದ ನೆಲದಲ್ಲೇ ಉಳಿಯಿತು. ಒಣ ಕಡ್ಡಿ ಮುರಿದಂಥ ಸದ್ದು ಗೆರೆಯಾಚೆ ನಿಂತಿದ್ದ ನನಗೂ ಕೇಳಿಸಿತು. ಅವಳು ಬಿದ್ದಳು, ಕಿರುಚಲಿಲ್ಲ. ಕಾಲನ್ನು ನೋಡಿಕೊಂಡಳು, ಅದು ಬೇರೆ ಯಾರದೋ ಎಂಬ ಹಾಗೆ.

ಸೆಲ್ವರಾಜ್ ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಆಟೋ ಕಡೆ ಹೋದ. ನನ್ನೆದುರು ಹಾಯುವಾಗ, “ಬಾ ಪಾ” ಅಂದ.

“ಮ್ಯಾಚ್ ಮುಗಿಸ್ಕೊಂಡು ಬತ್ತೀನಿ.”

ಅವನು ಮತ್ತೆ ಕರೆಯಲಿಲ್ಲ. ಬದಲಿ ಆಟಗಾರ್ತಿ ಇದ್ದಾಳಾ ಎಂದು ರೆಫರಿ ಕೇಳಿದರು. ಇಲ್ಲ ಅಂದೆ. ರೋಜಾಳನ್ನು ಕರೆಸಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಹತ್ತೇ ಜನರಲ್ಲಿ ಆಟ ಮುಂದುವರಿಯಿತು. ಯಾರೂ ನಮ್ಮನ್ನು ವಾಪಸ್ ಕಳಿಸಲಿಲ್ಲ. ಒಂದು ಗೋಲಿನಿಂದ ಗೆದ್ದೆವು. ಆ ಅಧಿಕಾರಿಯೇ ಕಪ್ಪು ಕೊಟ್ಟು ನನ್ನ ಕೈ ಕುಲುಕಿದರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಮಂಡಿಯೊಳಗಿನ ನಾರು ಹರಿದಿದೆ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದರು. ಮನೆಯವರು ನಾಟಿ ಕಟ್ಟು ಹಾಕಿಸಿದರು. ಮೂಳೆ ಮುರಿದಿದ್ದರೆ ಕೂಡುತ್ತಿತ್ತೇನೋ, ಇದು ಮೂಳೆಯಲ್ಲ. ನಾಲ್ಕನೇ ದಿನ ಅವರ ಮನೆಗೆ ಹೋದಾಗ ಅದನ್ನು ಬಿಡಿಸಿ ಹೇಳಬೇಕಿತ್ತು, ಮುಂದೆ ನಿಂತು ಓಡಾಡಬೇಕಿತ್ತು. ನಾನು ಹೇಳಿದ್ದು ಬೇರೆ.

“ನಾನ್ ಬ್ಯಾಡ ಅಂದೆ ಕಣಮ್ಮ. ಇವಳೇ ಆಡ್ತೀನಿ ಅಂದ್ಳು.”

ಯಲ್ಲಮ್ಮ ಮಲಗಿದ್ದ ಮಗಳ ಕೆನ್ನೆಗೆ ನನ್ನೆದುರಿಗೇ ಹೊಡೆದಳು. “ನಿಂಗೇನ್ ಬಂದಿತ್ತೇ ರೋಗ! ಆಟ ಆಟ ಅಂತ ಸಾಯ್ತಿದ್ದೆ. ಈಗ ಯಾವನ್ ಕಟ್ಕಂತಾನೆ ನಿನ್ನ ಈ ಕಾಲ್ ಇಟ್ಕಂಡು?” ಮಂಜುಳ ನನ್ನ ಕಡೆ ನೋಡಿದಳು, ಬಾಯಿ ಬಿಡಲಿಲ್ಲ. ಯಲ್ಲಮ್ಮ ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಶಾಲೆಗೆ ಬರೆದ ವರದಿಯಲ್ಲಿ ‘ಆಟದ ವೇಳೆ ಆದ ಸಹಜ ಗಾಯ’ ಎಂದು ಬರೆದೆ.

ಶಾಲೆಗೆ ನಾಲ್ಕು ಕಿಲೋಮೀಟರ್ ನಡೆಯಬೇಕಿತ್ತು. ಅವಳು ಮತ್ತೆ ಬರಲಿಲ್ಲ.

ಮುಂದಿನ ವಾರ ಸೆಲ್ವರಾಜ್ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾದಿದ್ದ. ಆಟೋದಲ್ಲಿ ಮಂಜುಳ ಅವನಿಗೆ ಎಲ್ಲ ಹೇಳಿದ್ದಳು.

“ಏಳು ಜನ ಇದ್ರೂ ಮ್ಯಾಚ್ ನಡೀತೈತೆ ಅಂತ ನಿಂಗೊತ್ತಿಲ್ವಾ?”

“ಗೊತ್ತು.”

ಅವನು ತಲೆಯಾಡಿಸಿ ಕೆ.ಜಿ.ಎಫ್. ಬಸ್ ಹತ್ತಿದ. ಆಮೇಲೆ ನಾನು ನಿವೃತ್ತನಾಗುವವರೆಗೆ ನಮ್ಮಿಬ್ಬರ ನಡುವೆ ಮಾತಿಲ್ಲ.

ಗಣಿ ದೂಳು ಅವನ ಶ್ವಾಸಕೋಶದಲ್ಲಿ ಉಳಿದುಬಿಟ್ಟಿದೆ, ಆಸ್ಪತ್ರೆ ಸೇರಿದ್ದಾನೆ ಎಂದು ಯಾರೋ ಹೇಳಿದಾಗ ನೋಡಲು ಹೋದೆ. ಮಂಚದ ಪಕ್ಕ ನಿಂತೆ. ನನ್ನನ್ನು ನೋಡಿ, “ಆ ಪೆನಾಲ್ಟಿ ಸುಳ್ಳು ಪಾ” ಅಂದ. ಅಲ್ಲಿಂದ ಮಾತು ಮತ್ತೆ ಶುರುವಾಯಿತು.

ಆಮೇಲೆ ವಾರಕ್ಕೊಮ್ಮೆ ಚಾಂಪಿಯನ್ ರೀಫ್ಸ್‌ಗೆ ಹೋಗುತ್ತಿದ್ದೆ. ಗಣಿಯವರ ಸಾಲಿನಲ್ಲಿದ್ದ ಅವನ ಲೈನ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಹೊರದೇಶದ ಪಂದ್ಯ ನೋಡುವುದು, ಜಗಳವಾಡುವುದು. ಈಗ ಗೋಲ್‌ಕೀಪರೂ ಕಾಲಲ್ಲೇ ಪಾಸು ಕೊಡುವುದನ್ನು ನೋಡಿ, “ಇದನ್ನ ನಾವು ಅವತ್ತೇ ಆಡಿದ್ವಿ, ಯಾರ್ ನೋಡಿದ್ರು?” ಅನ್ನುತ್ತಿದ್ದ. ಎತ್ತಿ ಹೊಡೆಯುವ ಆಟ ಸತ್ತಿಲ್ಲವೆಂದು ನಾನು ವಾದಿಸುತ್ತಿದ್ದೆ. ನಾವು ಆಡಿದ ಮೈದಾನದಲ್ಲಿ ಜಾಲಿ ಬೆಳೆದಿತ್ತು, ಗೋಲು ಕಂಬಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಅವನ ತಂಡದಲ್ಲಿ ಆಡಿದವರ ಹೆಸರು ಒಂದೊಂದಾಗಿ ಹೇಳುತ್ತಿದ್ದ. ಹೆಚ್ಚಿನವರು ಇದೇ ದೂಳಿಗೆ ಹೋದವರು. ಮಂಜುಳಳ ಹೆಸರನ್ನು ಮಾತ್ರ ನಾವಿಬ್ಬರೂ ಎತ್ತುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ಅವನೇ ಎತ್ತಿದ. ಅವಳು ಮದುವೆಯಾಗಿ ಕೆ.ಜಿ.ಎಫ್.ನ ಮೈಸೂರು ಮೈನ್ಸ್‌ನಲ್ಲೇ ಇದ್ದಾಳೆ, ಗಂಡ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾನೆ, ತಾನು ಆಗಾಗ ಹೋಗಿ ನೋಡಿಕೊಂಡು ಬರುತ್ತೇನೆ ಎಂದ. ನನ್ನನ್ನೂ ಕರೆದುಕೊಂಡು ಹೋಗು ಅಂದೆ.

“ಬಾ. ಕೂತ್ಕೊ, ಕಾಫಿ ಕುಡಿ, ಎದ್ದು ಬಾ. ಹಳೇದ್ ಕೆದಕ್ಬೇಡ.”

ಒಪ್ಪಿಕೊಂಡೆ.

ಅವಳು ಗೋಡೆಗೆ ಒರಗಿ, ಬಲಗಾಲು ಚಾಚಿಕೊಂಡು ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಗೋಡೆ ಹಿಡಿದು ಎದ್ದಳು. “ಸಾ! ನೀವಾ?” ಎಂದು ನಿಜವಾಗಿ ಸಂತೋಷಪಟ್ಟಳು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಕುಂಟುತ್ತಲೇ ಹೋಗಿ ಕಾಫಿ ಮಾಡಿ ತಂದು, ಮತ್ತೆ ಕೂತು ದಾರ ಹಿಡಿದಳು. ಮಗಳು ಐದನೇ ಕ್ಲಾಸಂತೆ, ಸ್ಕೂಲಿಗೆ ಹೋಗಿದ್ದಳು.

“ನನ್ ಮಗ್ಳಿಗೆ ಯೋಳ್ತಿರ್ತೀನಿ ಸಾ. ಅವತ್ತು ನಿಮ್ಮಮ್ಮ ಇಳೀದೆ ಓಗಿದ್ರೆ ಟೀಮೇ ವಾಪಸ್ ಬತ್ತಿತ್ತು ಅಂತ. ಕಾಲ್ ಓದ್ರೂ ಓಗ್ಲಿ, ಅನ್ನೊಂದು ಜನ ಆದ್ವಲ್ಲ ಸಾ.”

ಅವಳು ನಗುತ್ತಿದ್ದಳು. ಸೆಲ್ವರಾಜ್ ನನ್ನ ಮೊಣಕೈ ಹಿಡಿದು ಒತ್ತಿದ. ಮೂವತ್ತು ವರ್ಷ ಬಾಯಿಪಾಠದ ಮಾತು ಹೇಳಿದವನಿಗೆ ಅವತ್ತು ಮಾತ್ರ ಸುಮ್ಮನಿರಲು ಆಗಲಿಲ್ಲ.

“ರೋಜಾಗೆ ಜರ ಇರ್ಲಿಲ್ಲ ಕಣಮ್ಮ” ಅಂದೆ. ಉಳಿದದ್ದನ್ನೂ ಹೇಳಿದೆ. ಏಳು ಜನರ ವಿಷಯ, ರೆಫರಿಗೆ ಹೇಳಿದ ಸುಳ್ಳು, ಅವಳ ತಾಯಿಯ ಮುಂದೆ ಹೇಳಿದ ಸುಳ್ಳು. ಕ್ಷಮಿಸಮ್ಮ ಅಂದೆ.

ಅವಳ ಬೆರಳಲ್ಲಿ ರೇಷ್ಮೆ ದಾರ ಹಾಗೇ ನಿಂತಿತ್ತು.

“ರೋಜಾ ಎಲ್ಲಿದ್ಲು ಸಾ?”

“ರೂಮಲ್ಲಿ. ಬ್ಯಾಗ್ ಕಾಯ್ತಿದ್ಳು.”

“ಅಂಗಾದ್ರೆ ನಾನ್ ಆಡ್ದಿದ್ರೂ ಆಗ್ತಿತ್ತು.”

ಅದು ಪ್ರಶ್ನೆಯಾಗಿರಲಿಲ್ಲ. ಸೆಲ್ವರಾಜನ ಕಡೆ ತಿರುಗಿದಳು. “ಮಾಮ, ನಿಮ್ಗೆ ಗೊತ್ತಿತ್ತಾ?”

ಅವನು ನೆಲ ನೋಡುತ್ತ ಕೂತ. ಅವಳು ಲೋಟಗಳನ್ನು ಎತ್ತಿಕೊಂಡು, “ಮಗು ಬರೋ ಒತ್ತಾಯ್ತು” ಅಂದಳು. ನಾವು ಎದ್ದೆವು.

ರಸ್ತೆಗೆ ಬಂದ ಮೇಲೆ ಅವನಿಗೆ ಉಸಿರು ಸಿಗಲಿಲ್ಲ. ಒಂದು ಹಳೇ ಗೋಡೆ ಹಿಡಿದು ನಿಂತ. ನಿಂತಲ್ಲೇ ಹೇಳಿದ:

“ಅವಳ ಹತ್ರ ಇದ್ದಿದ್ದು ಅದೊಂದೇ ಪಾ. ಅದನ್ನೂ ಕಿತ್ಕೊಂಡ್ ಬಂದೆ.”

“ನಿಜ ಯೋಳ್ದೆ ಕಣ್ಲಾ.”

“ನಿಂಗೆ ಹಗುರ ಆಯ್ತಾ?”

“ಇಲ್ಲ.”

“ಮತ್ಯಾಕ್ ಹೇಳ್ದೆ?”

ಈಗ ಕೆಲಸಕ್ಕೆ ಸೇರಿರುವ ನಿಮಗೆ ಹೇಳಲು ನನ್ನಲ್ಲಿ ಇಷ್ಟೇ ಇದೆ. ಮಗು ಆಡ್ತೀನಿ ಎಂದೇ ಅನ್ನುತ್ತದೆ. ಬೇಡ ಅನ್ನಬೇಕಾದವರು ನೀವು, ಆಟ ಶುರುವಾಗುವ ಮುಂಚೆಯೇ. ಆಮೇಲೆ ಏನು ಹೇಳಿದರೂ ಅದು ನಿಮಗಾಗಿ ಹೇಳಿಕೊಳ್ಳುವುದು.

ಹದಿನೈದು ದಿನ ಬಿಟ್ಟು ಸೆಲ್ವರಾ‌ಜ್ ಒಬ್ಬನೇ ಅವಳ ಮನೆಗೆ ಹೋದ. ಬಾಗಿಲು ತೆರೆದಿತ್ತಂತೆ. ಅವಳ ಮಗಳು ಹೊಸಿಲ ಹತ್ತಿರ ಬಂದು, “ಅಮ್ಮ ಮನೇಲಿಲ್ಲ ತಾತ” ಎಂದಳಂತೆ. ಒಳಗೆ ಗೋಡೆಯ ಪಕ್ಕ ಚಾಚಿದ ಕಾಲು ಅವನಿಗೆ ಕಾಣುತ್ತಿತ್ತು. “ಸರಿ ಕಣ್ಣಮ್ಮ” ಎಂದು ಹೇಳಿ, ತಿರುಗಿ ನಡೆದು ಬಂದನಂತೆ.